ಅವ್ವನಿಗೆ ಸಿಕ್ಕ ಒಂದು ಮಳೆಗಾಲ

ಕೈತೋಟ ಮಾಡುವವರಿಗೆ ತಾಳ್ಮೆ ಇರಬೇಕು ಎಂದು ಮೊನ್ನೆ ನನ್ನ ಸೊಸೆ ಹೇಳಿದಳು. ಜಮಖಂಡಿಯ ನಮ್ಮ ಮನೆಯ ಹಿಂದೆ ನಾಲ್ಕು ಮಂಚ ಹಾಕುವಷ್ಟು ಜಾಗವಿದೆ. ಅಲ್ಲಿ ಎಲ್ಲೆಲ್ಲಿ ಏನೇನು ಹಾಕಬೇಕೆಂದು ಅವಳು ಮೊಬೈಲಿನಲ್ಲಿ ಚೌಕ ಚೌಕವಾಗಿ ಬಣ್ಣದ ನಕ್ಷೆ ಮಾಡಿ ತೋರಿಸುತ್ತಿದ್ದಳು. ಅಷ್ಟರಲ್ಲಿ ನಾನು ಎರಡು ಸಲ ಎದ್ದು ಎರಡು ಸಲ ಕೂತಿದ್ದೆ. "ಅತ್ತೀ, ಒಂದ್ ಚೂರ ಕುಂತ ನೋಡ್ರಿ" ಎಂದಳು. ನಕ್ಷೆ ಚೆಂದವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಬದನೆ ಎಂದು ಬರೆದಿದ್ದ ನೇರಳೆ ಚೌಕದ ಮೇಲೆ ಅವಳು ಬೆರಳಿಟ್ಟಾಗ ನಾನು ಮೂರನೆಯ ಸಲ ಎದ್ದೆ. ನೀರು ಕುಡಿದು ಬರುತ್ತೇನೆಂದು ಅಡುಗೆಮನೆಗೆ ಹೋದವಳು ಅಲ್ಲೇ ಉಳಿದುಬಿಟ್ಟೆ. ಅರವತ್ತು ದಾಟಿದ ಹೆಂಗಸು, ಒಂದು ತರಕಾರಿಯ ಹೆಸರಿಗೆ ಹೆದರಿ ಒಳಗೆ ನಿಂತಿದ್ದೇನೆಂದು ಯಾರಿಗೆ ಹೇಳುವುದು? ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಬನಹಟ್ಟಿಯ ನೇಕಾರರ ಓಣಿಯಲ್ಲಿ, ಒಂದು ಉದ್ದನೆಯ ಮನೆಯಲ್ಲಿ. ಮನೆಯಲ್ಲಿ ಮಗ್ಗಗಳಿದ್ದವು ಎನ್ನುವುದಕ್ಕಿಂತ ಮಗ್ಗಗಳ ನಡುವೆ ನಾವು ಜಾಗ ಮಾಡಿಕೊಂಡಿದ್ದೆವು ಎನ್ನುವುದೇ ಸರಿ. ಅಜ್ಜನ ಕಾಲದಲ್ಲಿ ಪಡಸಾಲೆಯಲ್ಲಿ ಎರಡು ಕೈಮಗ್ಗಗಳಿದ್ದವಂತೆ. ಅಪ್ಪ ಅದರಲ್ಲಿ ಒಂದನ್ನು ಉಳಿಸಿಕೊಂಡು ಕರೆಂಟಿನ ಮಗ್ಗ ತಂದ. ಅದು ನಡುಮನೆಯನ್ನು ನುಂಗಿತು. ಇನ್ನೊಂದು ಬಂದು, ಬಾಣಂತಿಯರಿಗೆಂದು ಬಿಟ್ಟಿದ್ದ ಕೋಣೆಯಲ್ಲಿ ಕೂತಿತು. ನಾನು ಹುಟ್ಟಿದ ಜಾಗದಲ್ಲಿ ಲಾಳಿ ಓಡಾಡುತ್ತಿತ್ತು. ಊಟಕ್ಕೆ ಕೂತರೆ ತಾಟು ನಡುಗುತ್ತಿತ್ತು, ಉಪ್ಪು ಬೇಕೆಂದರೂ ಕೂಗಬೇಕಾಗಿತ್ತು. ನಮ್ಮ ಮನೆಯವರು ಪಿಸುಮಾತು ಕಲಿಯಲೇ ಇಲ್ಲ. ನೆಂಟರ ಮನೆಗೆ ಹೋದಾಗಲೂ ಜಗಳಕ್ಕೆ ಬಂದವರ ಹಾಗೆ ಕ್ಷೇಮ ಕೇಳುತ್ತಿದ್ದೆವು. ಕೂತಲ್ಲಿ ಕೂರದ ನನ್ನ ಗುಣ ಆ ಮನೆಯದೇ. ಮಗ್ಗದ ತಾಳಕ್ಕೆ ನನ್ನ ಕಾಲು ಸದಾ ಅಲುಗುತ್ತಿತ್ತು. ಕರೆಂಟು ಹೋಗಿ ಮಗ್ಗ ನಿಂತರೆ ಉಳಿದವರು ಉಸ್ಸೆನ್ನುತ್ತಿದ್ದರು, ನಾನೊಬ್ಬಳು ಏನು ಮಾಡಬೇಕೆಂದು ತಿಳಿಯದೆ ಒಳಗೂ ಹೊರಗೂ ಓಡಾಡುತ್ತಿದ್ದೆ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ನನ್ನ ಹೆಸರನ್ನೇ ಮರೆತವಳ ಹಾಗೆ "ಏ ಬುಗುರಿ" ಎಂದೇ ಕರೆಯುತ್ತಿದ್ದಳು.

ಆ ಮನೆಯಲ್ಲಿ ಆಕಾಶ ಕಾಣುತ್ತಿದ್ದ ಜಾಗ ಹಿತ್ತಲು ಒಂದೇ. ಹಿಂದೆ ಅಲ್ಲಿ ಹಾಸನ್ನು, ಅಂದರೆ ಸೀರೆಯ ಉದ್ದದ ನೂಲನ್ನು, ಗೂಟದಿಂದ ಗೂಟಕ್ಕೆ ಬಿಗಿದು ಗಂಜಿ ಹಚ್ಚುತ್ತಿದ್ದರು. ಆಮೇಲೆ ಓಣಿಯವರೆಲ್ಲ ಸೇರಿ ಊರಾಚೆಯ ಬಯಲಿನಲ್ಲಿ ಆ ಕೆಲಸ ಮಾಡತೊಡಗಿದ್ದರಿಂದ ಹಿತ್ತಲು ಖಾಲಿ ಬಿತ್ತು. ಅಲ್ಲಿ ಆಯಿಯ ಪೂಜೆಗೆ ಹೂ ಕೊಡುವ ಒಂದು ದಾಸವಾಳ, ಬಚ್ಚಲ ನೀರು ಹರಿಯುವ ಕಾಲುವೆ ಮತ್ತು ಒಂದು ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ ಬೇರೇನೂ ಇರಲಿಲ್ಲ. ಅವ್ವ ಕೆಲಸ ಮುಗಿಸಿ ಆ ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದಳು, ಏನೂ ಮಾಡದೆ. ಒಂದು ದಿನ ಬೆಳಿಗ್ಗೆ ಅಪ್ಪ ಹಿತ್ತಲಲ್ಲಿ ಹೆಜ್ಜೆ ಹಾಕಿ ಅಳೆಯುವುದನ್ನು ನಾನು ನೋಡಿದೆ. ಆಗಲೇ ನನಗೆ ಏನೋ ಸರಿಯಿಲ್ಲ ಅನಿಸಿತು. ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟು ಹೋಯಿತು, ಮನೆ ಗಪ್ಪಾಯಿತು, ಅಪ್ಪ ಬಾಯಿ ತೆಗೆದ.

"ಹಿತ್ತಲದಾಗ ತಗಡಿನ ಪತ್ರಾಸ ಹೊಚ್ಚಿ ಇನ್ನೆರಡು ಮಗ್ಗ ಕುಂದ್ರಸಬೇಕಂತ ಮಾಡೇನಿ."

ಅವ್ವ ರೊಟ್ಟಿ ನೀಡುತ್ತಿದ್ದವಳು ಅಲ್ಲೇ ನಿಂತಳು.

"ಅದೊಂದ ಜಾಗಾನರ ಬಿಡ್ರಿ."

"ಬಿಟ್ಟ್ ಏನ್ ಮಾಡ್ತಿ? ಕಲ್ಲಿನ ಮ್ಯಾಲ ಕುಂದರಾಕ ಅಷ್ಟ ಜಾಗ ಬೇಕೇನು?"

"ಕಾಯಿಪಲ್ಲೆ ಹಾಕ್ತೀನಿ."

ಅಪ್ಪ ನಕ್ಕ. ಆಯಿಯೂ ನಕ್ಕಳು. ನೇಕಾರರ ಮನೆಯಲ್ಲಿ ಒಕ್ಕಲುತನ ಯಾರು ಕಂಡಿದ್ದರು? ಅವ್ವನ ತವರು ತೇರದಾಳ. ಅಲ್ಲಿ ಅವಳ ತಂದೆಗೆ ಬಾವಿಯ ಪಕ್ಕ ಸಣ್ಣ ತೋಟಪಟ್ಟಿ ಇತ್ತು, ಮದುವೆಯಾಗುವ ತನಕ ಅವ್ವ ಅದರಲ್ಲಿ ಕೆಲಸ ಮಾಡಿದವಳು. ನಗುವವರೆಲ್ಲ ನಕ್ಕು ಮುಗಿಸುವ ತನಕ ಅವಳು ಕಾಯ್ದಳು.

"ಒಂದ ಮಳಿಗಾಲ ಕೊಡ್ರಿ. ದೀಪಾವಳಿ ಹೊತ್ತಿಗೆ ಮನಿಮಂದಿಗೆ ಸಾಲುವಷ್ಟು ಬರಲಿಲ್ಲಂದ್ರ, ಪಾಯಾ ತೋಡಾಕ ನಾನ ಗುದ್ದಲಿ ತಂದ ಕೊಡ್ತೀನಿ."

"ಆತು" ಎಂದ ಅಪ್ಪ, "ದೀಪಾವಳಿ ತನಕ ನಿಂದು."

ಮರುದಿನದಿಂದಲೇ ಅಗೆಯುತ್ತಾಳೆಂದು ನಾನು ಸಲಿಕೆ ಹಿಡಿದು ತಯಾರಾಗಿದ್ದೆ. ಅವ್ವ ಮೂರು ದಿನ ಸುಮ್ಮನೆ ಹಿತ್ತಲ ಹೊಸ್ತಿಲ ಮೇಲೆ ಕೂತಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಂದು ನೆರಳು ಮುಟ್ಟಿದ ಕಡೆ ಒಂದೊಂದು ಹರಳು ಇಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಯಾವಾಗ ಹಚ್ಚೂದಬೇ ಯವ್ವಾ?" ಎಂದರೆ, "ಬಿಸಲ ಎಲ್ಲಿ ಕುಂದರತೈತಿ ನೋಡಾಕತ್ತೀನಿ, ನೀನೂ ಒಂದ್ ಕಡೆ ಕುಂದರು" ಎನ್ನುತ್ತಿದ್ದಳು. ನಾಲ್ಕನೆಯ ದಿನ ಹಾಸಿನ ಹಳೆಯ ಗೂಟಗಳನ್ನು ತಂದು ನೆಟ್ಟಳು, ಮೂಲೆಯಲ್ಲಿ ಬಿದ್ದಿದ್ದ ಕಸನೂಲಿನ ಉಂಡೆ ಬಿಚ್ಚಿ ಗೂಟದಿಂದ ಗೂಟಕ್ಕೆ ಎಳೆದಳು. ಬಚ್ಚಲ ಕಾಲುವೆಯ ಪಕ್ಕ ಮೆಂತ್ಯೆ ಮತ್ತು ಹಕ್ಕರಿಕೆ ಸೊಪ್ಪಿನ ಮಡಿ, ನಡುವೆ ಎರಡು ಸಾಲು ಬದನೆ, ಅದರಾಚೆ ಚವಳಿಕಾಯಿ, ಗೋಡೆಗುಂಟ ಪುಂಡಿಸೊಪ್ಪು. ಹೀರೆಬಳ್ಳಿಗೆ ಚಪ್ಪರ ಹೆಣೆದದ್ದೂ ಕಸನೂಲಿನಿಂದಲೇ. ಹಸಿರು, ಕೆಂಪು, ಕಡುನೀಲಿ, ಸೀರೆಗಳಿಗೆ ಹೋಗಿ ಉಳಿದ ಬಣ್ಣಗಳೆಲ್ಲ ಅಲ್ಲಿದ್ದವು. ಓಣಿಯ ಹೆಂಗಸರು ಗೋಡೆಯ ಮೇಲಿಂದ ಇಣುಕಿ, ಇದು ತೋಟವೋ ಮದುವೆ ಹಂದರವೋ ಎಂದು ಚೇಷ್ಟೆ ಮಾಡಿದರು. ಅವ್ವನಿಗೆ ಅದೂ ಸಂತೋಷವೇ.

ಬೀಜ ಮತ್ತು ಬದನೆ ಸಸಿ ತೇರದಾಳದಿಂದ ಬಂದವು. ಅವ್ವ ಬೀಜ ಹಾಕುವುದು ನೋಡುವ ಹಾಗಿರುತ್ತಿತ್ತು. ಮಗ್ಗದಲ್ಲಿ ಕಡಿದ ಎಳೆಯನ್ನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಗಂಟು ಹಾಕುವ ಬೆರಳುಗಳು ಅವು. ಹೆಬ್ಬೆರಳಿನಿಂದ ಮಣ್ಣು ಒತ್ತಿ, ಎರಡು ಬೀಜ ಬಿಟ್ಟು, ಮಗುವಿಗೆ ಹೊದಿಸಿದ ಹಾಗೆ ಮಣ್ಣೆಳೆದು ಮುಂದೆ ಹೋಗುತ್ತಿದ್ದಳು. ನನಗಿಂತ ಚಿಕ್ಕದೊಂದು ಮಗು ನಮ್ಮ ಮನೆಯಲ್ಲಿ ಹುಟ್ಟಿ, ಆರು ತಿಂಗಳಾಗುವ ಮೊದಲೇ ಹೋಗಿತ್ತು. ಆಮೇಲೆ ಅವ್ವ ಇಷ್ಟು ಮನಸ್ಸಿಟ್ಟು ಯಾವ ಕೆಲಸ ಮಾಡಿದ್ದನ್ನೂ ನಾನು ನೋಡಿರಲಿಲ್ಲ. ನಾನಂತೂ ಮರುದಿನವೇ ಚವಳಿಯ ಸಾಲಿನಲ್ಲಿ ಒಂದು ಬೀಜ ಕೆದರಿ ನೋಡಿದೆ. ಅದರ ಮರುದಿನ ಇನ್ನೊಂದು. ಮೂರನೆಯ ದಿನ ಅವ್ವನ ಕೈಗೆ ಸಿಕ್ಕಿಬಿದ್ದೆ.

"ದಿನಾ ಹೊರಗ ತಗದ ನೋಡಿದ್ರ ಅದು ಯಾವಾಗ ಹುಟ್ಟಬೇಕ, ಗಂಗೂ?"

"ಸತ್ತೈತೇನೋ ಅಂತ ನೋಡಿದ್ನಿ."

"ಸಾಯೂದಿಲ್ಲ. ಬಿಡು ಅದನ್ನ."

ಬಿಟ್ಟೆ, ಕಷ್ಟಪಟ್ಟು ಬಿಟ್ಟೆ. ಮಳೆಯೂ ಹದವಾಗಿ ಬಂತು. ಮೆಂತ್ಯೆ ಎದ್ದಿತು, ಹೀರೆ ಬಣ್ಣದ ನೂಲು ಹಿಡಿದು ಹತ್ತಿತು, ಬದನೆ ಬೇರೂರಿ ಎಲೆ ಅಗಲ ಮಾಡಿತು. ಮಡಿ ತೆಳುವು ಮಾಡಲು ಕಿತ್ತ ಎಳೆ ಮೆಂತ್ಯೆಯಿಂದ ಅವ್ವ ಮೊದಲ ಪಲ್ಲೆ ಮಾಡಿದ ದಿನ ಅಪ್ಪ ಎರಡನೆಯ ಸಲ ಕೇಳಿ ಹಾಕಿಸಿಕೊಂಡ. ಹಾಕಿಸಿಕೊಂಡವನು ತಾಟು ಬಳಿದು ಉಂಡ. ಅವ್ವ ಒಳಗೊಳಗೇ ಗೆಲ್ಲುತ್ತಿದ್ದಳು. ಅವಳಿಗಿಂತ ನನಗೇ ಅವಸರ. ದೀಪಾವಳಿ ನಾಳೆಯೇ ಬಂದುಬಿಟ್ಟರೆ ಎಂಬ ಭಯ, ಈ ಬದನೆಗಳು ನನ್ನ ಮೊಣಕಾಲಿಗೂ ಬಂದಿಲ್ಲವಲ್ಲ ಎಂಬ ಸಿಟ್ಟು. ಒಂದು ವಾರ ಅವು ಒಂದು ಬೆರಳೂ ಬೆಳೆಯಲಿಲ್ಲವೆಂದು ನನಗೆ ಖಾತ್ರಿಯಾಗಿತ್ತು.

ಆಗ ನನಗೆ ಗಂಜಿ ನೆನಪಾಯಿತು. ಕೈಮಗ್ಗದ ಹಾಸಿನ ನೂಲಿಗೆ ಹಚ್ಚಿ ಉಳಿದ ಗಂಜಿಯನ್ನು ಅಪ್ಪ ಬಯಲಿನಿಂದ ವಾಪಸು ತಂದು ಬಚ್ಚಲ ಹಿಂದೆ ಮಣ್ಣಿನ ಹರವಿಯಲ್ಲಿ, ಅಂದರೆ ಒಂದು ದೊಡ್ಡ ಗಡಿಗೆಯಲ್ಲಿ, ಮುಚ್ಚಿಡುತ್ತಿದ್ದ. ಬೇಸಿಗೆಯಲ್ಲಿ ಆಯಿ ಅದನ್ನೇ ತೆಳ್ಳಗೆ ಮಾಡಿ ದಾಸವಾಳಕ್ಕೆ ಹಾಕುವುದನ್ನು ನಾನು ನೋಡಿದ್ದೆ. "ಅನ್ನದ ತಿಳಿ ಇದ್ದಂಗ, ಗಿಡಕ್ಕ ಛಲೋ" ಎನ್ನುತ್ತಿದ್ದಳು. ನಾನು ಅವ್ವನಿಗೆ ಹೇಳದೆ, ಬೆಳಿಗ್ಗೆ ಸಾಲೆಗೆ ಹೋಗುವ ಮೊದಲು, ಚೆರಿಗೆ ಚೆರಿಗೆ ಗಂಜಿ ಹೊತ್ತು ಬದನೆಯ ಎರಡೂ ಸಾಲಿಗೆ ಹಾಕಿದೆ. ಉಳಿದದ್ದನ್ನು ಚವಳಿಗೆ, ಹೀರೆಯ ಬುಡಕ್ಕೆ. ಮೂರು ದಿನ ಹಾಕಿದೆ. ಅವ್ವ ಒಂದು ದಿನ ಎದ್ದು ನೋಡಿ ಬೆರಗಾಗಬೇಕು, ಆಮೇಲೆ ನಾನು ಹೇಳಬೇಕು, ಎಂದೆಲ್ಲ ಮನಸ್ಸಿನಲ್ಲಿ ಮಾತು ಜೋಡಿಸಿಟ್ಟುಕೊಂಡಿದ್ದೆ.

ನಾಲ್ಕನೆಯ ದಿನ ಬದನೆಯ ಎಲೆಯಂಚು ಸುಟ್ಟ ಹಾಗಾಯಿತು. ವಾರದೊಳಗೆ ಎರಡೂ ಸಾಲು ಜೋತುಬಿದ್ದು ಸತ್ತವು. ಹೀರೆ ಬಣ್ಣದ ನೂಲಿನ ಮೇಲೇ ಒಣಗಿತು. ಅವ್ವ ಹುಳ ಹುಡುಕಿದಳು, ಬೂದಿ ಹಾಕಿದಳು, ಬೇರು ಕಿತ್ತು ಮೂಸಿ ನೋಡಿದಳು. ಮಳೆ ಎರಡು ದಿನ ಜಡಿದಿದ್ದರಿಂದ ಮೇಲೆ ಯಾವ ಗುರುತೂ ಇರಲಿಲ್ಲ. ಕೊನೆಗೆ ಆಯಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅಪ್ಪ ಹೊಸ್ತಿಲ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದ.

"ಭೂಮಿ ಛಲೋ ಐತಿ, ಬೀಜ ಛಲೋ ಐತಿ, ಮಳಿ ಆಗೇತಿ. ಇಕಿ ಕೈಗುಣಾನ ಹಂಗ. ಇಕಿ ಕೈಯಾಗ ಏನೂ ಉಳಿಯೂದಿಲ್ಲ."

ಆಯಿ ಕೆಟ್ಟವಳಲ್ಲ. ಬಾಯಿಗೆ ಬಂದದ್ದನ್ನು ಅಂದಳು, ಅಂದು ಒಳಗೆ ಹೋದಳು. ಆದರೆ ಏನೂ ಉಳಿಯೂದಿಲ್ಲ ಎಂಬ ಮಾತು ಬದನೆಗಿಡದ ಬಗ್ಗೆ ಮಾತ್ರ ಅಲ್ಲವೆಂದು ನನಗೇ ತಿಳಿಯಿತು, ಅವ್ವನಿಗೆ ತಿಳಿಯದೆ ಇರುತ್ತದೆಯೇ? ಅವ್ವ ತನ್ನ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಇದ್ದಳು.

ಆ ವಾರವೇ ಅಪ್ಪ ಹೊಸ ಗಂಜಿ ಕಾಯಿಸುತ್ತಿದ್ದಾಗ ನಾನು ಪಕ್ಕದಲ್ಲಿ ಹೋಗಿ ನಿಂತೆ. ಅವನು ಕಾಗದದ ಪೊಟ್ಟಣ ಬಿಚ್ಚಿ, ನೀಲಿ ಹರಳಿನ ಪುಡಿಯನ್ನು ಗಂಜಿಗೆ ಉದುರಿಸಿದ. ನಾನು ಬೆರಳು ಚಾಚಿದ್ದೇ ತಡ, ಪಟ್ಟನೆ ಹೊಡೆದ.

"ಮುಟ್ಟಬ್ಯಾಡ! ಮೈಲುತುತ್ತ ಅದು, ವಿಷ. ಮಳಿಗಾಲದಾಗ ನೂಲಿಗೆ ಬೂಷ್ಟ ಹಿಡೀಬಾರದಂತ ಹಾಕೂದು."

ಬೇಸಿಗೆಯ ಗಂಜಿ ಬೇರೆ, ಮಳೆಗಾಲದ ಗಂಜಿ ಬೇರೆ. ನೇಕಾರರ ಮನೆಯಲ್ಲಿ ಹುಟ್ಟಿ ಇಷ್ಟು ಗೊತ್ತಿರಲಿಲ್ಲ ನನಗೆ. ಅವತ್ತೇ ಹೋಗಿ ಅವ್ವನಿಗೆ ಹೇಳಬೇಕಿತ್ತು, ಹೇಳಲಿಲ್ಲ. ಬೈಯುತ್ತಾಳೆಂದು ಹೆದರಿದೆ, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿಕೊಳ್ಳಲು ಎಷ್ಟೋ ವರ್ಷ ನೋಡಿದ್ದೇನೆ, ಸಿಕ್ಕಿಲ್ಲ. ನಾಳೆ ಹೇಳೋಣ, ಹಬ್ಬ ಮುಗಿಯಲಿ, ಅವ್ವ ನಗುತ್ತಿರುವಾಗ ಹೇಳೋಣ ಎಂದು ದಿನ ನೂಕಿದೆ. ಅವ್ವ ನಗುವ ದಿನವೇ ಬರಲಿಲ್ಲ. ನನಗೆ ಸಾಲೆಯಲ್ಲಿ ಕೂರಲಾಗುತ್ತಿರಲಿಲ್ಲ, ಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಯಾರೇನು ಕೆಲಸ ಹೇಳಿದರೂ ಓಡುತ್ತಿದ್ದೆ, ಯಾರೂ ಹೇಳದಿದ್ದರೂ ಓಡುತ್ತಿದ್ದೆ. "ಬುಗುರಿಗೆ ಹುಚ್ಚ ಹಿಡದೈತಿ" ಎಂದಳು ಆಯಿ.

ಓಡಾಡುತ್ತಲೇ ನಾನು ಅವ್ವನ ಕೈಗಳನ್ನು ನೋಡುತ್ತಿದ್ದೆ. ಸತ್ತ ಗಿಡ ಕಿತ್ತು, ಮಡಿ ಮತ್ತೆ ಹದ ಮಾಡಿದ್ದು ಅವಳೇ, ಆದರೆ ಬೀಜ ಹಾಕುವ ಹೊತ್ತಿಗೆ ಪಕ್ಕದ ಮನೆಯ ಶಾಂತಕ್ಕನನ್ನು ಕರೆದಳು. "ನೀ ಹಾಕ ಶಾಂತಕ್ಕಾ, ನನ್ನ ಕೈ ಬ್ಯಾಡ" ಎಂದಳು. ಶಾಂತಕ್ಕನಿಗೆ ಪುರುಸೊತ್ತಿಲ್ಲದಾಗ ನನ್ನ ಕೈಗೆ ಬೀಜ ಕೊಟ್ಟಳು. ನನ್ನ ಕೈಗೆ! ನಾನು ಒಂದೇ ಕಡೆ ಹಿಡಿ ಸುರಿದು ಓಡಿಹೋದೆ. ಸಂಜೆ ಹಾಲಿಗೆ ಹೆಪ್ಪು ಹಾಕುವುದನ್ನು ಆಯಿಗೆ ಬಿಟ್ಟುಕೊಟ್ಟಳು. ಹಿಂದಿನ ಓಣಿಯಲ್ಲಿ ಬಾಣಂತಿಯನ್ನು ನೋಡಲು ಹೋದಾಗ ಎಲ್ಲರೂ ಕೂಸನ್ನು ಎತ್ತಿಕೊಂಡರು, ಅವ್ವ ಬಾಗಿಲಲ್ಲೇ ನಿಂತು ಚೆಂದ ಐತಿ ಎಂದು ದೂರದಿಂದಲೇ ಹೇಳಿ ಬಂದಳು. ನಾನು ಅವಳ ಸೆರಗು ಹಿಡಿದು ಪಕ್ಕದಲ್ಲೇ ಇದ್ದೆ. ಅವತ್ತೂ ಹೇಳಲಿಲ್ಲ.

ದೀಪಾವಳಿ ಬಂತು. ಗೋಡೆಗುಂಟ ಪುಂಡಿ ಬದುಕಿತ್ತು, ಮೆಂತ್ಯೆ ಅಲ್ಲೊಂದು ಇಲ್ಲೊಂದು ಇತ್ತು, ಚವಳಿ ಒಂದು ಹಿಡಿ. ಹಬ್ಬದ ಅಡುಗೆಗೆ ಅಪ್ಪ ಪೇಟೆಯಿಂದ ಬದನೆಕಾಯಿ ತಂದ. ಅವ್ವ ಅವನ್ನೇ ಹೆಚ್ಚಿ ಎಣ್ಣೆಗಾಯಿ ಮಾಡಿದಳು, ಎಲ್ಲರಿಗೂ ಬಡಿಸಿದಳು, ತಾನು ಹಾಕಿಕೊಳ್ಳಲಿಲ್ಲ. ಪಾಡ್ಯ ಕಳೆದ ಮರುದಿನ ಮಧ್ಯಾಹ್ನ ಗೋಡೆ ಕಟ್ಟುವ ಗೌಂಡಿ ಬಂದ. ಹಗ್ಗ ಹಿಡಿದು, ಅವ್ವ ಗೂಟ ಹೊಡೆದಿದ್ದ ಜಾಗದಲ್ಲೇ ತನ್ನ ಮೊಳೆ ಹೊಡೆಯತೊಡಗಿದ. ಅವ್ವ ಒಳಗೆ ಹೋದವಳು ಗುದ್ದಲಿ ತಂದು ಅಪ್ಪನ ಮುಂದೆ ಇಟ್ಟಳು.

"ತಗೊಳ್ರಿ. ಮಾತ ಕೊಟ್ಟಿದ್ನೆಲ್ಲ."

ಅಪ್ಪ ಗುದ್ದಲಿ ನೋಡಿದ, ತೆಗೆದುಕೊಳ್ಳಲಿಲ್ಲ. ನನ್ನ ಬಾಯಿಂದ ಮಾತು ಬಿದ್ದೇ ಹೋಯಿತು.

"ಅವ್ವನ ಕೈಗುಣ ಅಲ್ಲ, ಅಪ್ಪಾ! ನಾನ ಗಂಜಿ ಹಾಕೇನಿ. ಲಗೂ ಬೆಳೀಲಿ ಅಂತ ಹಾಕಿದ್ನಿ. ಮೈಲುತುತ್ತ ಇತ್ತಂತ ನನಗ ಗೊತ್ತಿರಲಿಲ್ಲ."

ಗೌಂಡಿ ಸುತ್ತಿಗೆ ಎತ್ತಿದವನು ಹಾಗೇ ನಿಂತ. ನಾನು ಹೊಡೆತಕ್ಕೆ ಕೆನ್ನೆ ಬಿಗಿ ಮಾಡಿಕೊಂಡೆ. ಅಪ್ಪ ಕೈ ಎತ್ತಲಿಲ್ಲ.

"ಗೊತ್ತೈತಿ" ಎಂದ.

"ಏನ್ ಗೊತ್ತೈತಿ?" ಅವ್ವ ಕೇಳಿದಳು.

"ಹರವಿ ತುಂಬ ಗಂಜಿ ಇಟ್ಟಿದ್ನಿ. ಮೂರ ದಿನದಾಗ ತಳ ಕಂಡಿತ್ತು. ಆಮ್ಯಾಲ ಬದನಿ ಸತ್ತಿದ್ದು ನೋಡಿದ್ನಿ. ತಿಳೀತು."

"ತಿಳದೂ ಸುಮ್ಮನಿದ್ರ್ಯಾ?"

ಅಪ್ಪ ಏನೋ ಹೇಳಲು ಹೋದ. ಎರಡು ಮಗ್ಗ ಹೆಚ್ಚಾದರೆ ನಿಮಗೇ ಛಲೋ ಎಂದು ಶುರು ಮಾಡಿ ಅರ್ಧಕ್ಕೆ ಬಿಟ್ಟ. ಒಳಗೆ ಮಗ್ಗಗಳು ಓಡುತ್ತಲೇ ಇದ್ದವು, ಆದರೂ ಅವ್ವ ಮೆಲ್ಲಗೆ ಆಡಿದ ಮಾತು ಅಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ನಿಮ್ಮ ಅವ್ವ ನನ್ನ ಕೈಗೆ ಅಂದಾಗ ನೀವು ಅಲ್ಲೇ ಕುಂತಿದ್ರಿ. ಎಲಿ ಅಡಿಕಿ ಹಾಕ್ಕೊಳ್ಳಾಕತ್ತಿದ್ರಿ."

ನನ್ನ ಅಪ್ಪನ ಮುಖವನ್ನು ಹಾಗೆ ನಾನು ಮತ್ತೆಂದೂ ನೋಡಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಇನ್ನೂ ಕೆಟ್ಟದ್ದೊಂದು ಅನಿಸಿತು: ನಾವಿಬ್ಬರೂ ಒಂದೇ ಜಾತಿಯವರು, ನಾನು ಏಟಿಗೆ ಹೆದರಿ ಸುಮ್ಮನಿದ್ದೆ, ಅವನು ಜಾಗಕ್ಕೆ ಆಸೆಪಟ್ಟು ಸುಮ್ಮನಿದ್ದ. ಅವನು ಗೌಂಡಿಯ ಕಡೆ ತಿರುಗಿ, "ಇವತ್ತ ಬ್ಯಾಡ್ರಿ, ಮ್ಯಾಲ ಹೇಳ್ತೀನಿ" ಎಂದ. ಗೌಂಡಿ ಹಗ್ಗ ಸುತ್ತಿಕೊಂಡು ಹೋದ. ಮುಂದೆ ಆ ಪತ್ರಾಸು ಬಿದ್ದದ್ದು ಮನೆಯ ಮುಂದಿನ ಕಟ್ಟೆಯ ಜಾಗದಲ್ಲಿ. ಅಪ್ಪ ಸಂಜೆ ಗೆಳೆಯರ ಜೊತೆ ಕೂತು ಎಲೆ ಅಡಿಕೆ ಹಾಕುತ್ತಿದ್ದ ಕಟ್ಟೆ ಅದು. ಎರಡರ ಬದಲು ಒಂದೇ ಮಗ್ಗ ಹಿಡಿಯಿತು. ಆಯಿ ಅವತ್ತು ಸಂಜೆ ಹೆಪ್ಪು ಹಾಕುವ ಹೊತ್ತಿಗೆ ಕಾಸಿದ ಹಾಲಿನ ಪಾತ್ರೆಯನ್ನು ತಂದು ಅವ್ವನ ಮುಂದೆ ಇಟ್ಟಳು, ಪಕ್ಕದಲ್ಲಿ ಮೊಸರಿನ ಬಟ್ಟಲು ಇಟ್ಟಳು, ತಿರುಗಿ ನೋಡದೆ ಹೋದಳು.

ಆದರೆ ಅದಕ್ಕಿಂತ ಮೊದಲು, ಗೌಂಡಿ ಹೋದ ಮೇಲೆ, ನಾನು ಮತ್ತು ಅವ್ವ ಹಿತ್ತಲಲ್ಲಿ ಇಬ್ಬರೇ ಉಳಿದೆವು. ಬಿಸಿಲು ಇಳಿಯುತ್ತಿತ್ತು. ಅವ್ವ ಗುದ್ದಲಿ ಎತ್ತಿ ಗೋಡೆಗೆ ಒರಗಿಸಿದಳು. ನಾನು ಅಳುತ್ತಿದ್ದೆ. ಅವಳು ಬೈಯಲಿ ಎಂದು ಈಗ ನಾನೇ ಬಯಸುತ್ತಿದ್ದೆ.

"ಇಷ್ಟ ದಿನ ಯಾಕ ಹೇಳಲಿಲ್ಲ?"

"ಬೈತೀ ಅಂತ."

"ಬೈತಿದ್ನಿ. ಎರಡ ಏಟ ಹಾಕತಿದ್ನಿ. ಅದು ಒಂದ ದಿನದ್ದು, ಗಂಗೂ. ನಾ ಮೂರ ತಿಂಗಳ ಈ ಕೈ ನೋಡಿ ಹೆದರೇನಿ. ಹೋದ ನಮ್ಮ ಕೂಸಿನ್ನ ನಾನ ಕೊಂದ್ನೇನೋ ಅಂದ್ಕೊಂಡೇನಿ."

ನಾನು ಅವಳ ಸೀರೆಯಲ್ಲಿ ಮುಖ ಹುದುಗಿಸಲು ಹೋದೆ. ಅವ್ವ ಬಿಡಲಿಲ್ಲ, ನನ್ನ ಎರಡೂ ಭುಜ ಹಿಡಿದು ಎದುರಿಗೆ ನಿಲ್ಲಿಸಿದಳು. ಆಮೇಲೆ ಕೈ ಬಿಟ್ಟು, ಖಾಲಿ ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡಿದಳು.

"ಹೋಗು, ಮೆಂತ್ಯೆದ ಡಬ್ಬಿ ತಾ" ಎಂದಳು. "ಇವತ್ತ ನಾನ ಹಾಕ್ತೀನಿ."